ಮ್ಯಾನೇಜರ್ ಕಾಕಾನ ಆಫ್ ಸೀಜನ್

ಹೆಂಡತಿಯ ತಾಯಿ, ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿಕೊಂಡು ಮಗಳ ಮನೆಗೆ ಬಂದವರು, ಮರುದಿನ ಮುಂಜಾನೆ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಅಳಿಯ ಬಂದು, ಕೈಕಟ್ಟಿ ನಿಂತು, ಬಹಳ ಮರ್ಯಾದೆಯಿಂದ, ‘ಚೆಕ್‌ಔಟ್ ಹತ್ತು ಗಂಟೆಗೆ ಐತ್ರಿ ಅತ್ತಿ’ ಎಂದರು. ಮುದುಕಿಗೆ ತಿಳಿಯಲಿಲ್ಲ. ಆದ್ದರಿಂದಲೇ ಸಂಬಂಧ ಇವತ್ತಿಗೂ ಉಳಿದಿದೆ. ‘ಏನಂತಾರ ಅಳಿಯಂದ್ರು?’ ಎಂದು ಕೇಳಿದ್ದಕ್ಕೆ ಮಗಳು, ‘ಹತ್ತರೊಳಗ ನಾಷ್ಟಾ ಮುಗಸ್ರಿ ಅನ್ನಾಕತ್ತಾರ ಯವ್ವಾ’ ಎಂದು ಮುಚ್ಚಿಹಾಕಿದರು.

ಇವರು ನಮ್ಮ ಮ್ಯಾನೇಜರ್ ಕಾಕಾ. ಇಂಥವರು ಇವರೊಬ್ಬರೇ ಎಂದು ತಿಳಿಯಬೇಡಿ. ವಿರೂಪಾಪುರಗಡ್ಡೆಯಿಂದ ಹಿಡಿದು ಸಣಾಪುರ, ಆನೆಗೊಂದಿಯವರೆಗೆ ಓಣಿಗೊಬ್ಬರಂತೆ ಸಿಗುತ್ತಾರೆ. ಗುರುತು ಹಿಡಿಯುವುದೂ ಸುಲಭ. ‘ಬರ್ರಿ, ಕುಂದರ್ರಿ’ ಎನ್ನುವ ಕಡೆ ‘ವೆಲ್‌ಕಮ್, ವೆಲ್‌ಕಮ್’ ಎನ್ನುತ್ತಾರೆ. ಹಂಡೆಗೆ ಇನ್ನೂ ಉರಿ ಹಾಕಿರುವುದಿಲ್ಲ, ‘ಬಿಸಿನೀರು ಇಪ್ಪತ್ನಾಲ್ಕು ತಾಸು’ ಎಂದು ಭರವಸೆ ಕೊಡುತ್ತಾರೆ. ಕಣ್ಣು ಮಾತ್ರ ಸದಾ ಹೊಳೆಯ ಕಡೆಗೆ, ಬೆನ್ನಿಗೆ ಚೀಲ ಹೊತ್ತವರು ಯಾರಾದರೂ ಹರಿಗೋಲಿನಿಂದ ಇಳಿದಾರೇನೋ ಎಂಬಂತೆ.

ರೋಗದ ಮೂಲ ಹೇಳಿಬಿಡುತ್ತೇನೆ. ತುಂಗಭದ್ರೆ ಎರಡು ಕವಲಾಗಿ ಹರಿದು ನಡುವೆ ಬಿಟ್ಟುಹೋದ ನೆಲ ಈ ಗಡ್ಡೆ. ಆಚೆ ದಡದಲ್ಲಿ ಹಂಪಿಯ ವಿರೂಪಾಕ್ಷನ ಗೋಪುರ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಆದರೆ ಅದು ಬೇರೆ ಜಿಲ್ಲೆ. ನಾವು ಗಂಗಾವತಿ ತಾಲೂಕು, ಕೊಪ್ಪಳ ಜಿಲ್ಲೆ. ಹೊತ್ತು ಮುಳುಗಿ ಹರಿಗೋಲು ನಿಂತಿತೆಂದರೆ ದೇವರು ಅಲ್ಲೇ, ಭಕ್ತರು ಇಲ್ಲೇ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬರಬರುತ್ತ ವಿದೇಶಿ ಹುಡುಗ ಹುಡುಗಿಯರು, ಅದರಲ್ಲೂ ಸೈನ್ಯದ ಸೇವೆ ಮುಗಿಸಿ ತಿರುಗಾಟಕ್ಕೆ ಹೊರಟ ಇಸ್ರೇಲಿಗಳು, ಗೋಪುರವನ್ನು ಆಚೆಗೇ ಬಿಟ್ಟು ಹೊಳೆ ದಾಟಿ ನಮ್ಮ ಗದ್ದೆಗಳ ಬದುವಿಗೆ ಬಂದು ಬಿದ್ದುಕೊಳ್ಳತೊಡಗಿದರು. ಗುಡಿಸಲುಗಳು ಎದ್ದವು. ಅವುಗಳಿಗೆ ಕಾಟೇಜ್ ಎಂದು ಹೆಸರಾಯಿತು, ಹೀಬ್ರೂ ಅಕ್ಷರದ ಬೋರ್ಡುಗಳು ಬಂದವು. ಕಾಕಾ ಅಂಥದ್ದೊಂದು ಕಾಟೇಜಿಗೆ ನೀರು ಹೊರುವ ಹುಡುಗನಾಗಿ ಸೇರಿ, ಅಡಿಗೆಮನೆ ದಾಟಿ, ಕೊನೆಗೆ ಗಲ್ಲೆಯ ಹಿಂದೆ ಕೂತರು.

2019ರ ಆಗಸ್ಟಿನ ಮಹಾಪೂರದಲ್ಲಿ ಗಡ್ಡೆ ನಡುಗಡ್ಡೆಯೇ ಆಗಿ, ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಹೊರಗೆ ಸಾಗಿಸಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚ್ ಮೊದಲ ವಾರದಲ್ಲೇ ಜೆಸಿಬಿಗಳು ಬಂದವು. ಪಾರಂಪರಿಕ ಪ್ರದೇಶದಲ್ಲಿ ಇಂಥ ಕಟ್ಟಡ ಇರಕೂಡದು ಎಂಬುದು ಕಾನೂನು. ಅದರ ನ್ಯಾಯಾನ್ಯಾಯ ಕಾಕಾನ ಮುಂದೆ ತೆಗೆದರೆ ಮಧ್ಯಾಹ್ನದ ಊಟ ರಾತ್ರಿಗೆ ಹೋಗುತ್ತದೆ. ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ಕಾಟೇಜು ಹೋಯಿತು. ಮ್ಯಾನೇಜರ್‌ಗಿರಿ ಮಾತ್ರ ಕಾಕಾನ ಜೊತೆ ಮನೆಗೆ ಬಂತು. ಅದರ ಜೊತೆಗೆ ಒಂದು ಹಗ್ಗದ ಜೋಕಾಲಿ, ನಾಲ್ಕು ಬಿದಿರು ಬುಟ್ಟಿಯ ದೀಪ, ಪ್ಲಾಸ್ಟಿಕ್ ಹೊದಿಕೆಯ ಮೆನು ಕಾರ್ಡು, ಒಂದು ಹಿತ್ತಾಳೆ ಗಂಟೆ ಮತ್ತು ಅರ್ಧ ಖಾಲಿ ಇದ್ದ ವಿಸಿಟರ್ಸ್ ಬುಕ್ಕೂ ಬಂದವು.

ಮನೆ ಎರಡಂಕಣದ್ದು, ಮುಂದೊಂದು ಕಟ್ಟೆ, ಹಿಂದೆ ಬಚ್ಚಲು, ಪಕ್ಕದಲ್ಲಿ ಬಾಳೆಗಿಡ. ಇಲ್ಲಿ ಕಾಕಾನ ಪ್ರಕಾರ ಕಟ್ಟೆ ಎಂದರೆ ‘ಸಿಟ್‌ಔಟ್’, ಬಚ್ಚಲು ‘ಅಟ್ಯಾಚ್ಡ್’, ಬಾಳೆಗಿಡ ‘ಗಾರ್ಡನ್ ವ್ಯೂ’. ಬೇವಿನ ಮರಕ್ಕೂ ಕಂಬಕ್ಕೂ ಜೋಕಾಲಿ ಕಟ್ಟಿ, ಮದುವೆಯಾದಾಗಿನಿಂದ ಒಂದು ದಿನ ಹಗಲು ಅಡ್ಡಾಗದ ಹೆಂಡತಿಯನ್ನು ಕರೆದು, ‘ಮಲಕೋ, ರಿಲ್ಯಾಕ್ಸ್ ಆಗು’ ಎಂದರು. ನಮ್ಮ ಚಿಗವ್ವ ಅದನ್ನು ಎರಡು ಕೈಯಿಂದ ಜಗ್ಗಿ ನೋಡಿದರು. ಒಳಗೆ ಹೋಗಿ ಉಳ್ಳಾಗಡ್ಡಿಯ ಚೀಲ ತಂದು ಅದರಲ್ಲಿ ಸುರಿದರು. ‘ಗಾಳಿ ಆಡತೈತಿ, ಕೊಳೆಯಂಗಿಲ್ಲ’ ಎಂದರು. ಅಂದಿನಿಂದ ಗಡ್ಡೆಯಲ್ಲಿ ಅತ್ಯಂತ ಆರಾಮಾಗಿರುವವರು ಆ ಉಳ್ಳಾಗಡ್ಡಿಗಳು.

ಕಾಕಾನ ಪಂಚಾಂಗದಲ್ಲಿ ಮಾಸ, ಪಕ್ಷ, ತಿಥಿ ಇಲ್ಲ. ದಸರೆಯಿಂದ ಸೀಜನ್, ಎಳ್ಳಮವಾಸ್ಯೆಯ ಆಜೂಬಾಜು ಪೀಕ್, ಹೋಳಿ ಆಡಿದ ಮೇಲೆ ಆಫ್. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎಂದು ಊರವರು ಅಂದರೆ, ಕಾಕಾ ‘ಚಳಿ ಅಲ್ರಿ, ಗಿರಾಕಿ’ ಎಂದು ತಿದ್ದುತ್ತಾರೆ. ಮೊದಲು ಈ ದಿನಗಳಲ್ಲಿ ಅವರ ಮುಖ ನೋಡುವಂತಿರುತ್ತಿರಲಿಲ್ಲ. ಈಗ ನೋಡಿ, ಚಳಿ ಮುಗಿಯುವ ಈ ಹದಿನೈದಿಪ್ಪತ್ತು ದಿನವೇ ಅವರಿಗೆ ಅತ್ಯಂತ ಬಿಡುವಿಲ್ಲದ ಕಾಲ. ಮನೆಯೊಳಗೆ ಇಷ್ಟೊಂದು ‘ಆ್ಯಕ್ಟಿವಿಟಿ’ ನಡೆಯುತ್ತಿತ್ತು ಎಂಬುದು ಕಾಟೇಜು ಹೋಗುವವರೆಗೆ ಅವರಿಗೆ ಗೊತ್ತೇ ಇರಲಿಲ್ಲ. ವಿದೇಶಿಯರಿಗೆ ಹಳ್ಳಿಮನೆಯ ಸುಖ ಮಾರಿದ ಮನುಷ್ಯ ತನ್ನ ಮನೆಯಲ್ಲಿ ಉಂಡೆದ್ದು ಹೋಗಿದ್ದಷ್ಟೇ.

ಮೊದಲನೆಯದು ಜೋಳ. ಚಿಗವ್ವನ ತವರು ಯಲಬುರ್ಗಾ ಕಡೆಯ ಎರಿಹೊಲದ ಸೀಮೆ. ಗಡ್ಡೆಯಲ್ಲಿ ಕಾಲುವೆ ನೀರು, ಎರಡು ಬೆಳೆ ಭತ್ತ, ಮೂರು ಹೊತ್ತು ಅನ್ನ. ಅಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಇಬ್ಬನಿ ನಂಬಿಕೊಂಡ ಬದುಕು. ಗಂಗಾವತಿಯ ಸೋನಾ ಮಸೂರಿಯನ್ನು ಊರೂರೇ ಹೊಗಳಿದರೂ ಚಿಗವ್ವ ‘ಉಂಡದ್ದು ಗೊತ್ತಾಗಂಗಿಲ್ಲ, ತಾಸಿಗೆ ಹೊಟ್ಟಿ ಖಾಲಿ’ ಎಂದು ಮೂಗು ಮುರಿಯುತ್ತಾರೆ. ಚಳಿ ಇಳಿಯುತ್ತಿದ್ದಂತೆ ಅವರ ತಮ್ಮ ಹೊಸ ಜೋಳದ ಚೀಲ ತಂದು ಹಾಕುತ್ತಾನೆ. ಜೊತೆಗೆ ಒಂದು ಮುಷ್ಟಿ ಸೀತನಿ ತೆನೆ, ಅಂಗಳದಲ್ಲೇ ಬೂದಿಯಲ್ಲಿ ಸುಟ್ಟು ತಿನ್ನಲು. ಆ ದಿನ ಚಿಗವ್ವ ಸೌದೆ ಒಲೆ ಹೊತ್ತಿಸುತ್ತಾರೆ. ಗ್ಯಾಸ್ ಇದೆ, ಆದರೆ ಹೊಸ ಜೋಳಕ್ಕೆ ಗ್ಯಾಸಿನ ಉರಿ ಸಾಲದು ಎಂಬುದು ಅವರ ತೀರ್ಮಾನ.

ಎಸರು ಕುದಿಯುತ್ತದೆ. ಹಿಟ್ಟಿಗೆ ಸುರಿದು, ಬೆರಳು ಸುಡುವಷ್ಟು ಬಿಸಿಯಿದ್ದಾಗಲೇ ಮಿದಿಯುತ್ತಾರೆ. ಉಂಡೆ ಹಿಟ್ಟಿನ ಮೇಲೆ ಕೂತು, ಅಂಗೈಯ ಏಟಿಗೆ ತಿರುಗುತ್ತ ತಿರುಗುತ್ತ ಅಗಲವಾಗುತ್ತದೆ. ತಿರುಗಿಸುವ ಕೈ ಯಾವುದು, ಬಡಿಯುವ ಕೈ ಯಾವುದು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಹಂಚಿನ ಮೇಲೆ ಬಿದ್ದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಆಮೇಲೆ ಒಲೆಯ ಬಾಯಿಗೆ ಒರಗಿಸಿ ನಿಲ್ಲಿಸಿದರೆ ಉಬ್ಬುತ್ತದೆ. ಕಾಕಾ ಇದನ್ನೆಲ್ಲ ಬಾಗಿಲಿಗೆ ಒರಗಿ ನಿಂತು ನೋಡಿ, ‘ಲೈವ್ ಕೌಂಟರ್ ಅಂದ್ರ ಇದು’ ಎಂದು ಉದ್ಗಾರ ತೆಗೆಯುತ್ತಾರೆ. ‘ಇದನ್ನ ಇಪ್ಪತ್ತು ವರ್ಷ ಆತು ಮಾಡಾಕತ್ತು’ ಎಂದರೆ, ‘ನನಗ ಹೇಳೇ ಇಲ್ಲಲ್ಲ!’ ಎನ್ನುತ್ತಾರೆ.

ನೋಡಿ ಸುಮ್ಮನಿದ್ದರೆ ಮ್ಯಾನೇಜರ್ ಹೇಗಾದಾರು? ಕೆಂಪಿಂಡಿಯ ಕಾಲವೂ ಇದೇ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆ ಕೂಡಿಸಿ ರುಬ್ಬಿ ಭರಣಿಗೆ ತುಂಬಿಟ್ಟರೆ ಬೇಸಿಗೆಯ ರೊಟ್ಟಿಗೆ ಗತಿ. ಚಿಗವ್ವ ಮಿಕ್ಸರಿಗೆ ಹಾಕಲು ಹೋದರು. ಕಾಕಾ ತಡೆದರು. ‘ಒರಿಜಿನಲ್ ಟೇಸ್ಟ್ ಬೇಕಂದ್ರ ಒಳ್ಳ’ ಎಂದರು. ‘ಒಳ್ಳ ಅಲ್ಲೈತಿ, ನೀವೂ ಅಲ್ಲೇ ಅದೀರಿ’ ಎಂದು ಚಿಗವ್ವ ಹೊಳೆಗೆ ಹೋದರು. ಬರುವಷ್ಟರಲ್ಲಿ ಕಾಕಾ ಎರಡೂ ಕೈ ಮಜ್ಜಿಗೆಯ ಗಡಿಗೆಯಲ್ಲಿ ಅದ್ದಿಕೊಂಡು ಕೂತಿದ್ದರು. ಹಿಂಡಿ ಅರ್ಧ ಆಗಿತ್ತು. ಉಳಿದರ್ಧ ಮಿಕ್ಸರಿಗೇ ಹೋಯಿತು. ಉಣ್ಣುವಾಗ ಮಾತ್ರ ಕಾಕಾ ಭರಣಿಯ ಮೇಲಿನ ಪದರವನ್ನೇ ಹಾಕಿಕೊಂಡು, ‘ಕಲ್ಲಿಂದು ಬೇರೇನ ಐತಿ ನೋಡು’ ಎಂದು ಕಣ್ಣು ಮುಚ್ಚುತ್ತಾರೆ. ಕಲ್ಲಿನದು ಕೆಳಗಿನ ಪದರ ಎಂಬುದನ್ನು ಚಿಗವ್ವ ಯಾರಿಗೂ ಹೇಳಿಲ್ಲ, ನನಗೊಬ್ಬನಿಗೆ ಬಿಟ್ಟು.

ಅಡಿಗೆಯಲ್ಲಿ ಕಾಕಾ ಏನೂ ಬಾರದವರೆಂದಲ್ಲ. ಶಕ್ಷುಕಾ, ಫಲಾಫೆಲ್, ಹಮ್ಮಸ್ ಎಲ್ಲ ಬರುತ್ತದೆ. ಬಿಸ್ಕತ್ತಿನ ಪುಡಿ, ಬಾಳೆಹಣ್ಣು, ಐಸ್‌ಕ್ರೀಮು, ಚಾಕೊಲೇಟು ಒಂದರ ಮೇಲೊಂದು ಪೇರಿಸಿ ‘ಹಲೋ ಟು ದಿ ಕ್ವೀನ್’ ಎಂಬುದನ್ನು ಕಟ್ಟಿ ನಿಲ್ಲಿಸಿದರೆಂದರೆ ಓಣಿಯ ಮಕ್ಕಳೆಲ್ಲ ಅಂಗಳದಲ್ಲಿ ಹಾಜರು. ಬಾರದ್ದು ಅನ್ನಕ್ಕಿಡುವುದು ಒಂದೇ. ಒಮ್ಮೆ ಚಿಗವ್ವನಿಗೆ ಜ್ವರ ಬಂದಾಗ ಶಕ್ಷುಕಾ ಮಾಡಿಕೊಟ್ಟರು: ಟೊಮ್ಯಾಟೊ ಗೊಜ್ಜು ಕುದಿಯುವಾಗ ಅದರಲ್ಲಿ ತತ್ತಿ ಒಡೆದು ಬಿಟ್ಟದ್ದು. ಚಿಗವ್ವ ರೊಟ್ಟಿ ಅದ್ದಿಕೊಂಡು ತಿಂದು, ‘ಛಲೋ ಆಗೈತಿ. ಖಾರ ಹಾಕೋದು ಮರ್ತೀರಿ’ ಎಂದರು. ಅಂದಿನಿಂದ ಆ ಮನೆಯ ಶಕ್ಷುಕಾಕ್ಕೆ ಗುರೆಳ್ಳು ಹಿಂಡಿ ಬೀಳುತ್ತದೆ. ಟೆಲ್ ಅವೀವ್‌ನವರು ತಿಂದರೆ ಕಣ್ಣಲ್ಲಿ ನೀರು ಬರುವುದು ಖಂಡಿತ, ಊರು ನೆನೆದು ಅಂತೂ ಅಲ್ಲ.

ಇನ್ನು ಕೌದಿ. ಚಳಿ ಹೋಯಿತು ಎಂಬುದಕ್ಕೆ ನಮ್ಮ ಕಡೆ ಹವಾಮಾನ ಇಲಾಖೆಯ ಅಪ್ಪಣೆ ಬೇಕಿಲ್ಲ, ಹೊಳೆದಂಡೆಯ ಬಂಡೆಗಳು ಹೇಳುತ್ತವೆ. ಶಿವರಾತ್ರಿ ಮುಗಿದ ಮೇಲೆ ಒಂದೊಂದೇ ಮನೆಯ ಕೌದಿಗಳು ಹೊಳೆಗಿಳಿಯುತ್ತವೆ. ಅಜ್ಜಿಯ ಸೀರೆ, ಅವ್ವನ ಸೀರೆ, ಅಣ್ಣನ ಹರಿದ ಧೋತರ, ಎಲ್ಲ ಪದರಪದರವಾಗಿ ಸೇರಿ ಹೊಲಿಗೆಯಲ್ಲಿ ಗಟ್ಟಿಯಾದ ವಸ್ತು. ಒಣಗಿದ್ದಾಗ ಒಬ್ಬರು ಎತ್ತಬಹುದು, ನೆನೆದರೆ ಎಮ್ಮೆ ಕರು ಎತ್ತಿದ ಹಾಗೆ. ಹಿಂಡಲು ಎರಡು ತುದಿಗೆ ಇಬ್ಬರು ಬೇಕೇ ಬೇಕು. ಮೊದಲು ನೆರೆಮನೆಯ ಹೆಂಗಸು ಬರುತ್ತಿದ್ದಳು. ಈಗ ಕಾಕಾ, ‘ರಿವರ್‌ಸೈಡ್ ಆ್ಯಕ್ಟಿವಿಟಿಗೆ ನಾ ಬರ್ತೀನಿ’ ಎಂದು ತಾವೇ ಹೋಗುತ್ತಾರೆ.

ಅದನ್ನು ನಾನು ಬಂಡೆಯ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ. ಚಿಗವ್ವ ತಮ್ಮ ತುದಿ ಹಿಡಿದು ಹಿಂಡಿದರು. ಕಾಕಾ ಆ ತುದಿ ಹಿಡಿದು, ಹೆಂಡತಿಯ ಕೈ ತಿರುಗಿದ ಕಡೆಗೇ ತಮ್ಮ ತುದಿಯನ್ನೂ ತಿರುಗಿಸಿದರು. ಇಬ್ಬರೂ ಬೆವರಿಳಿಯುವಂತೆ ಹಿಂಡುತ್ತಿದ್ದಾರೆ, ಕೌದಿಯಿಂದ ಒಂದು ಹನಿ ನೀರಿಲ್ಲ. ಇಡೀ ಕೌದಿ ಹಗ್ಗದ ಹಾಗೆ ಸುಮ್ಮನೆ ಉರುಳುತ್ತಿದೆ. ‘ಆ ಕಡಿ ಹಿಂಡ್ರಿ’ ಎಂದರೆ ಕಾಕಾ ಸ್ಥಳವನ್ನೇ ಬದಲಿಸಿ ಆ ಕಡೆ ನಿಂತರು. ‘ಕೈ, ಕೈ!’ ಎಂದರೆ ಕೈ ಬಿಟ್ಟರು. ಕೌದಿ ನೀರಿಗೆ, ಕೌದಿಯ ಹಿಂದೆ ಚಿಗವ್ವ. ಆಚೆ ದಂಡೆಯಲ್ಲಿ ಆನೆ ತೊಳೆಯುತ್ತಿದ್ದ ಹುಡುಗ ನಕ್ಕನೋ, ಆನೆ ನಕ್ಕಿತೋ ಕಾಣಲಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಕಾಕಾನ ಪಕ್ಷ. ಹಿಂಡಿ ಹರವಿದ ಮೇಲೆ ಎಲ್ಲ ಹೆಂಗಸರೂ ಮುಂದಿನ ಕೆಲಸಕ್ಕೆ ಮನೆಗೆ ಓಡುತ್ತಾರೆ. ಕಾಕಾ ಓಡಗೊಡಲಿಲ್ಲ. ‘ಒಣಗೋತನಕ ಕುಂದ್ರಬೇಕು, ಪ್ಯಾಕೇಜಿನಾಗ ಐತಿ’ ಎಂದು ಚಿಗವ್ವನನ್ನು ಬಂಡೆಯ ನೆರಳಲ್ಲಿ ಕೂಡಿಸಿ, ಚೀಲದಿಂದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಒಂದು ಉಳ್ಳಾಗಡ್ಡಿ ತೆಗೆದರು. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದರು. ಚಿಗವ್ವ ಮೊದಲು ಬೈದರು. ಆಮೇಲೆ, ಯಾವ ಸೀರೆ ಯಾರದೆಂದು ಕೌದಿಯ ಚೌಕಗಳನ್ನು ಒಂದೊಂದಾಗಿ ತೋರಿಸಿ ಹೇಳತೊಡಗಿದರು. ಊರಿನಲ್ಲಿ ಅಷ್ಟೊಂದು ಗಂಡಸರಿದ್ದೂ ಹೆಂಡತಿಯನ್ನು ಹಗಲು ಹೊತ್ತಿನಲ್ಲಿ ಹೊಳೆದಂಡೆಗೆ ಸುಮ್ಮನೆ ಕೂಡಿಸಿದವರು ಇವರೊಬ್ಬರೇ. ಅಭ್ಯಾಸಬಲ ಎನ್ನಿ, ಗಿರಾಕಿಯ ಆರಾಮ ನೋಡುವುದು ಅವರ ರಕ್ತಕ್ಕಿಳಿದಿದೆ.

ವಿಸಿಟರ್ಸ್ ಬುಕ್ಕಿನದೊಂದು ಬೇರೆ ಕಥೆ. ಬಂದ ನೆಂಟರೆಲ್ಲ ಹೋಗುವಾಗ ಅದರಲ್ಲಿ ಬರೆದೇ ಹೋಗಬೇಕು. ಮೇಲಿನ ಪುಟಗಳಲ್ಲಿ ಬರ್ಲಿನ್ನು, ಹೈಫಾ, ಪ್ಯಾರಿಸ್ಸು. ಕೆಳಗೆ ಕುಷ್ಟಗಿ, ಕನಕಗಿರಿ, ಕಾರಟಗಿ. ಚಿಗವ್ವನ ತಮ್ಮ ‘ಸಾರಿಗೆ ಉಪ್ಪು ಕಡಿಮಿ, ಉಳಿದದ್ದು ಅಡ್ಡಿಯಿಲ್ಲ’ ಎಂದು ಬರೆದ. ಕಾಕಾ ಅದನ್ನು ಗಂಭೀರವಾಗಿ ತೆಗೆದುಕೊಂಡು ‘ಕಂಪ್ಲೇಂಟ್ ಬಂದೈತಿ’ ಎಂದು ಅಡಿಗೆಮನೆಗೆ ಹೋದರು. ಅಲ್ಲಿಂದ ಬೇಗನೇ ಹೊರಗೆ ಬಂದರು.

ಈಗ ಬಿಸಿಲು ಚುರುಕಾಗಿದೆ. ಸಂಡಿಗೆಯ ಕಾಲ. ಹೊರಸುಗಳನ್ನು ಅಂಗಳಕ್ಕೆ ತಂದು, ಹಳೆಯ ಧೋತರ ಹಾಸಿ, ಅಕ್ಕಿ ಹಿಟ್ಟಿನ ಗಂಜಿಯನ್ನು ಚಮಚ ಚಮಚ ಬಿಟ್ಟಿದ್ದಾರೆ. ಕಾಗೆ ಕಾಯುವ ಕೆಲಸ ಕಾಕಾನದು. ಕೈಯಲ್ಲೊಂದು ಕೋಲು, ಪಕ್ಕದಲ್ಲಿ ಗಂಟೆ, ತಲೆಯ ಮೇಲೆ ಯಾರೋ ಬಿಟ್ಟುಹೋದ ಹುಲ್ಲಿನ ಟೊಪ್ಪಿಗೆ. ಮೊನ್ನೆ ನಾನಿದ್ದಾಗಲೇ ಬಾಡಿಗೆ ಮೊಪೆಡ್ಡಿನಲ್ಲಿ ಇಬ್ಬರು ಬೆಂಗಳೂರಿನ ಹುಡುಗರು ಬಂದು ನಿಂತು, ‘ಅಂಕಲ್, ಇಲ್ಲಿ ರೂಮ್ ಸಿಗುತ್ತಾ?’ ಎಂದರು.

ಕಾಕಾನ ಮುಖ ನೋಡಬೇಕಿತ್ತು. ಎದ್ದು ನಿಂತರು. ಒಳಗೆ ಹೋಗಿ ಪುಸ್ತಕ ತಂದರು. ಕನ್ನಡಕ ಏರಿಸಿಕೊಂಡು, ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ ಪುಟ ತಿರುವಿದರು. ಆಮೇಲೆ ನಿಜವಾದ ವಿಷಾದದಿಂದ ತಲೆಯಾಡಿಸಿ, ‘ಸಾರಿ ತಮ್ಮಾ, ಎಲ್ಲಾ ಫುಲ್ ಆಗ್ಯಾವು. ಸಣಾಪುರದ ಕಡಿ ಕೇಳ್ರಿ’ ಎಂದರು. ಹುಡುಗರು ಹೋದರು.

ಒಳಗಿನಿಂದ ಚಿಗವ್ವ, ‘ಅದ್ಯಾರು ಬಂದಾರಂತ ಫುಲ್ಲು?’ ಎಂದು ಕೇಳಿದರು.

‘ಅಂಗಳದಾಗ ಸಂಡಿಗಿ, ಜೋಕಾಲ್ಯಾಗ ಉಳ್ಳಾಗಡ್ಡಿ. ಇದ್ದ ಒಂದು ರೂಮಿನಾಗ ನೀ ಅದಿ.’

‘ಹಂಗಾರ ನನ್ನ ಬಾಡಿಗಿ ಎಷ್ಟಾಗೈತಿ ಹೇಳ್ರಿ, ಕೊಟ್ಟು ತವರಿಗೆ ಹೋಗಿಬಿಡ್ತೀನಿ.’

ಕಾಕಾ ಲೆಕ್ಕ ಹಾಕಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕಾಗೆ ಬಂತು.