ಕಾಲು ಸುತ್ತು

ಟ್ರೆಡ್‌ಮಿಲ್ ಮೇಲೆ ಬಟ್ಟೆ ಒಣಗಿಸುವ ಜೋಕನ್ನು ಎಲ್ಲರೂ ಮಾಡಿ ಮುಗಿಸಿದ್ದಾರೆ. ನನಗೆ ಆ ಜೋಕು ಅನ್ವಯಿಸುವುದೂ ಇಲ್ಲ. ನಮ್ಮ ಮನೆಯ ಟ್ರೆಡ್‌ಮಿಲ್ ಮೇಲೆ ಒಂದು ಕರವಸ್ತ್ರ ಇಡುವುದಕ್ಕೂ ನಾನು ಬಿಡುವವನಲ್ಲ. ಹಾಗೆ ನೋಡಿದರೆ ನಡೆಯುವುದಕ್ಕೂ ಅಷ್ಟು ಸುಲಭವಾಗಿ ಬಿಡುವವನಲ್ಲ.

ನನ್ನ ಹೆಂಡತಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಲು ಹೊರಡುವಾಗ ನಾನು ಟ್ರೆಡ್‌ಮಿಲ್ ಪಕ್ಕ ಮಂಡಿಯೂರಿ ಕೂತಿರುತ್ತೇನೆ. ಅವಳು ಕೊಕ್ಕರೆ, ಪೆಲಿಕನ್ ಎಲ್ಲ ನೋಡಿ, ಬೆವರಿಳಿಸಿಕೊಂಡು ಬರುವಾಗಲೂ ಅಲ್ಲೇ ಇರುತ್ತೇನೆ.

"ಏನ್ರೀ, ಎಷ್ಟು ಕಿಲೋಮೀಟರ್ ಆಯ್ತು?"

"ಇವತ್ತು ಸರ್ವೀಸು."

ಡಾಕ್ಟರು ಸಕ್ಕರೆ ನೋಡಿದ್ದು, ನಡೀರಿ ಅಂದದ್ದು, ಬೆಂಗಳೂರಿನ ಮಗ ಮಾರನೆಯ ವಾರವೇ ಇದನ್ನು ಕಳಿಸಿದ್ದು, ಮೂರು ಜನ ಹೊತ್ತು ತಂದು ಮಹಡಿಗೆ ಏರಿಸಿದ್ದು ಇವೆಲ್ಲ ಎಲ್ಲರ ಮನೆಯಲ್ಲೂ ನಡೆಯುವುದೇ. ನನ್ನನ್ನು ಹಾಳು ಮಾಡಿದ್ದು ಅದರ ಜೊತೆ ಬಂದ ಪುಸ್ತಕ. ಅದರಲ್ಲಿ ನಡೆಯುವ ವಿಚಾರ ಒಂದೇ ಪುಟ. ಉಳಿದ ಪುಟಗಳಲ್ಲೆಲ್ಲ ಯಂತ್ರ ನಡೆಯದಿದ್ದರೆ ಏನು ಮಾಡಬೇಕು ಅನ್ನುವುದೇ. ಬೆಲ್ಟು ಜಾರಿದರೆ ಹೀಗೆ, ವಾಲಿದರೆ ಹಾಗೆ, ಸದ್ದು ಬಂದರೆ ಇಲ್ಲಿ, ವಾಸನೆ ಬಂದರೆ ಅಲ್ಲಿ. ಇಷ್ಟೆಲ್ಲ ಕೆಡಬಹುದು ಅಂತ ಗೊತ್ತಾದ ಮೇಲೆ ಯಾರಿಗೆ ತಾನೇ ಸುಮ್ಮನೆ ನಡೆಯಲು ಮನಸ್ಸಾಗುತ್ತದೆ?

ಮೊದಲ ಜಗಳ ಎಣ್ಣೆಯದು. ಬೆಲ್ಟಿನಡಿಯಿಂದ ಸಣ್ಣಗೆ ಕೀಚಲು ಸದ್ದು ಬಂದಾಗ ಅಮ್ಮ ಕೊಬ್ಬರಿ ಎಣ್ಣೆಯ ಗಿಂಡಿ ಹಿಡಿದು ಬಂದರು. "ಒಂದು ಚಮಚ ಬಿಡೋ, ಬಾಗಿಲಿಗೆ ಬಿಡಲ್ವೇನು?" ಬಾಗಿಲ ಮೇಲೆ ಯಾರೂ ನಡೆಯುವುದಿಲ್ಲ ಅಂತ ಅಮ್ಮನಿಗೆ ತಿಳಿಹೇಳುವಷ್ಟರಲ್ಲಿ ಸಾಕಾಯಿತು. ಬೆಲ್ಟಿಗೂ ಅದರಡಿಯ ಹಲಗೆಗೂ ನಡುವೆ ಬೇಕಾದದ್ದು ಅಪ್ಪಟ ಸಿಲಿಕೋನ್ ಎಣ್ಣೆ. ಅಡುಗೆ ಎಣ್ಣೆ ಬಿಟ್ಟರೆ ಜಿಗುಟಾಗಿ ಮನೆಯ ಧೂಳನ್ನೆಲ್ಲ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಇದ್ದ ಜಿಡ್ಡನ್ನೂ ತೊಳೆದು ಹಾಕುತ್ತದೆ. ಹಲಗೆ ಒಣಗಿತೋ, ಮೋಟಾರು ತಿಣುಕಿ ಹೆಚ್ಚು ಕರೆಂಟು ಎಳೆದು, ಕಾದು, ಕೊನೆಗೆ ಕಂಟ್ರೋಲ್ ಬೋರ್ಡನ್ನೇ ಸುಟ್ಟುಕೊಳ್ಳುತ್ತದೆ. ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ಬೆಲ್ಟಿನಡಿ ಕೈ ತೂರಿಸಿ ನಡುಭಾಗ ಮುಟ್ಟಿ ನೋಡಬೇಕು. ಬೆರಳು ಒಣಗಿದ್ದರೆ ಎಣ್ಣೆ, ಜಿಡ್ಡಿದ್ದರೆ ಬೇಡ. ಎಣ್ಣೆ ಬಿಟ್ಟ ಮೇಲೆ ಅದು ಹರಡಲಿ ಅಂತ ಐದು ನಿಮಿಷ ನಿಧಾನಕ್ಕೆ ನಡೆಯಬೇಕು. ಆ ಐದು ನಿಮಿಷ ನಾನೂ ನಡೆಯುತ್ತೇನೆ.

ಕಸ್ಟಮರ್ ಕೇರಿನ ಹುಡುಗಿಗೆ ಯಾವ ಕಾಯಿಲೆ ಹೇಳಿದರೂ ಒಂದೇ ಪ್ರಶ್ನೆ: "ಕೆಂಪು ಸೇಫ್ಟಿ ಕೀ ಹಾಕಿದ್ದೀರಾ ಸರ್?" ಸಿಟ್ಟು ಬರಿಸುವ ಸಂಗತಿ ಏನೆಂದರೆ, ಹೋಗಿ ನೋಡಿದರೆ ಅದು ಹಾಕಿರುವುದೇ ಇಲ್ಲ. ಅದರ ದಾರದ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳಬೇಕು. ಕಾಲು ತಪ್ಪಿ ಹಿಂದೆ ಸರಿದರೆ ಕೀ ಕಿತ್ತುಕೊಂಡು ಬಂದು ಬೆಲ್ಟು ನಿಲ್ಲುತ್ತದೆ. ನಮ್ಮ ನೆಂಟರೊಬ್ಬರು ದಾರವನ್ನು ಅಂದವಾಗಿ ಹಿಡಿಕೆಗೆ ಸುತ್ತಿಟ್ಟು, ಬೀದಿಯ ಚಪ್ಪಲಿಯಲ್ಲೇ ಹತ್ತಿ, ಫೋನಿನಲ್ಲಿ ಸೈಟಿನ ವ್ಯವಹಾರ ಮಾತಾಡುತ್ತಾ ನಡೆದರು. ಅವರು ಇಳಿದ ಮೇಲೆ ಬೆಲ್ಟಿನ ಅಂಚಿನಲ್ಲಿ ಸಿಕ್ಕ ಮರಳನ್ನು ಕಾಗದದಲ್ಲಿ ಕಟ್ಟಿ ಅವರಿಗೇ ತೋರಿಸಿದೆ. ಆಮೇಲೆ ಬಂದಿಲ್ಲ.

ಎಲೆಕ್ಟ್ರಿಷಿಯನ್ ವಿಚಾರ ಹೇಳುವಾಗ ಮಾತ್ರ ನನಗೆ ನಗು ಬರುವುದಿಲ್ಲ. ಮೂರು ಪಿನ್ನಿನ ದಪ್ಪ ಪ್ಲಗ್ಗಿಗೆ ಬೇರೆ ಸಾಕೆಟ್ ಹಾಕಿಕೊಡಪ್ಪ ಅಂದರೆ, ಮೇಲಿನ ಪಿನ್ನನ್ನೇ ಪ್ಲೈಯರಿನಲ್ಲಿ ಕತ್ತರಿಸಲು ಹೊರಟ. "ಅರ್ಥಿಂಗ್ ಎಲ್ಲಾ ಸುಮ್ನೆ ಸಾರ್, ಶೋಗೆ ಇಡ್ತಾರೆ." ಅಷ್ಟು ದೊಡ್ಡ ಲೋಹದ ಚೌಕಟ್ಟು, ಅದನ್ನು ಬೆವರಿದ ಕೈಯಲ್ಲಿ ಹಿಡಿದು ನಿಂತ ಮನುಷ್ಯ! ಒಳಗೆ ತಂತಿ ಎಲ್ಲಾದರೂ ಸುಲಿದು ತಗುಲಿದರೆ ಕರೆಂಟಿಗೆ ನೆಲ ಸೇರಲು ಆ ಪಿನ್ನೊಂದೇ ಸುರಕ್ಷಿತ ದಾರಿ. ಇಲ್ಲದಿದ್ದರೆ ದಾರಿ ನಾವೇ. ಅದೇ ಮಹಾಶಯ ಪ್ಲಗ್ ಕೀಳದೆಯೇ ಮೋಟಾರಿನ ಮುಚ್ಚಳಕ್ಕೂ ಕೈ ಹಾಕಿದ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಕಾದು ತೆಗೆಯಬೇಕು ಅಂತ ಅಕೌಂಟ್ಸ್ ಓದಿದ ನಾನು ಹೇಳಬೇಕಾಯಿತು.

ಇನ್ನೊಂದು, ಕೆಳಗಿನ ಮನೆಯ ಮಗು. ಆಟದ ಕಾರು ಉರುಳಿಸುತ್ತಾ ಸೀದಾ ಟ್ರೆಡ್‌ಮಿಲ್ಲಿನ ಹಿಂಬದಿಗೇ ಬರುತ್ತದೆ. ಬೆಲ್ಟು ಒಳಗೆ ಹೋಗುವುದು ಅಲ್ಲೇ. 2021ರಲ್ಲಿ ಅಮೆರಿಕದಲ್ಲಿ ಒಂದೇ ಮಾದರಿಯ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ಕಂಪನಿ ವಾಪಸು ಕರೆಸಿಕೊಂಡಿತು. ಹಿಂಬದಿಯಲ್ಲಿ ಸಿಕ್ಕಿಕೊಂಡ ದೂರುಗಳು 70ಕ್ಕೂ ಹೆಚ್ಚು ಬಂದಿದ್ದವು, ಆರು ವರ್ಷದ ಮಗುವೊಂದು ತೀರಿಹೋಗಿತ್ತು. ಅದನ್ನು ಓದಿದ ದಿನವೇ ನಮ್ಮ ಯಂತ್ರವನ್ನು ಗೋಡೆಯಿಂದ ಎರಡು ಮೀಟರ್ ಮುಂದಕ್ಕೆ ಎಳೆದೆ. ನಡೆಯುವವರು ಜಾರಿದರೂ ಗೋಡೆಗೂ ಬೆಲ್ಟಿಗೂ ನಡುವೆ ಸಿಕ್ಕಿಕೊಳ್ಳಬಾರದು. ಕೆಂಪು ಕೀ ಈಗ ದೇವರ ಮನೆಯ ಮೇಲಿನ ಗೂಡಿನಲ್ಲಿರುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಬೆಲ್ಟು ವಾಲುವುದು. ಹಿಂಬದಿಯ ಎರಡು ಮೂಲೆಯಲ್ಲಿ ಎರಡು ಬೋಲ್ಟುಗಳಿವೆ, ಅದಕ್ಕೊಂದು ಅಲನ್ ಕೀ. ಬೆಲ್ಟು ಎಡಕ್ಕೆ ವಾಲಿದರೆ ಎಡ ಬೋಲ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಬೇಕು. ಕಾಲೇ ಸುತ್ತು. ಆಮೇಲೆ ಯಾರೂ ಹತ್ತದೆ ನಿಧಾನಕ್ಕೆ ಓಡಿಸಿ ಸುಮ್ಮನೆ ನೋಡುತ್ತಾ ಕೂರಬೇಕು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ವಾಲಿದಾಗ ಗಾಲಿಗೆ ಮರದ ತುಂಡು ಕೊಟ್ಟು ದಾರಿಗೆ ತರುವವರ ಮುಖ ನೋಡಿದ್ದೀರಲ್ಲ, ಆಗ ನನ್ನ ಮುಖದಲ್ಲಿ ಇರುವುದು ಅದೇ ಗಾಂಭೀರ್ಯ. ಅವಸರಪಟ್ಟು ಒಂದು ಪೂರ್ತಿ ಸುತ್ತು ತಿರುಗಿಸಿದಿರೋ, ಬೆಲ್ಟು ಸೀದಾ ಬಲಕ್ಕೆ ಹೋಗಿ ಅಂಚು ಹರಿದುಕೊಳ್ಳುತ್ತದೆ.

ಈ ವಿದ್ಯೆ ಇಷ್ಟು ಮೈಗೂಡಿದ ಮೇಲೆಯೇ ಡಾಕ್ಟರು ನನಗೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಬರೆದುಕೊಟ್ಟದ್ದು.

ಶರಟು ಬಿಚ್ಚಿಸಿ, ಎದೆಗೆಲ್ಲ ತಂತಿ ಅಂಟಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ ನಿಲ್ಲಿಸಿದರು. ಸಿಯಾಟಲ್‌ನ ರಾಬರ್ಟ್ ಬ್ರೂಸ್ ಅನ್ನುವ ಹೃದಯತಜ್ಞರು ಹಾಕಿಕೊಟ್ಟ ಕ್ರಮ ಅದು: ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಹೆಚ್ಚುತ್ತದೆ. ಶುರುವಿನಲ್ಲಿ ಗಂಟೆಗೆ 2.7 ಕಿಲೋಮೀಟರ್, ಮೂರನೇ ಹಂತದಲ್ಲಿ 5.5. ಇಂಗ್ಲೆಂಡಿನಲ್ಲಿ 1818ರಲ್ಲಿ ವಿಲಿಯಂ ಕ್ಯೂಬಿಟ್ ಅನ್ನುವ ಎಂಜಿನಿಯರು ಕೈದಿಗಳ ಕಾಲಿಗೆ ಕೆಲಸ ಕೊಡಲೆಂದೇ ಟ್ರೆಡ್‌ಮಿಲ್ ಅನ್ನುವ ಮೆಟ್ಟಿಲು ಚಕ್ರ ಕಂಡುಹಿಡಿದನಂತೆ. ಅಲ್ಲಿ ತುಳಿದವರಿಗೆ ಹಿಟ್ಟಾದರೂ ಬೀಸಿದ ಪುಣ್ಯವಿತ್ತು. ಹೀಗೆಲ್ಲ ಯೋಚಿಸುತ್ತಾ ಮೊದಲ ಹಂತ ದಾಟಿದೆ. ಎರಡನೇ ಹಂತದಲ್ಲಿ ಕಿವಿಗೆ ಬಿತ್ತು, ಎಡಗಡೆಯಿಂದ ಸರ್, ಸರ್ ಅಂತ ಉಜ್ಜುವ ಸದ್ದು. ಬಗ್ಗಿ ನೋಡಿದೆ.

"ಮುಂದೆ ನೋಡಿ ಸರ್," ಅಂದ ಟೆಕ್ನಿಷಿಯನ್ ಹುಡುಗ.

ಹೇಗೆ ನೋಡಲಿ? ಅಷ್ಟು ಬೆಲೆಯ ಯಂತ್ರದ ಬೆಲ್ಟು ಕಣ್ಣೆದುರೇ ಅಂಚು ತಿನ್ನಿಸಿಕೊಳ್ಳುತ್ತಿದೆ. ಮೂರನೇ ಹಂತಕ್ಕೆ ಏರಿಸಿದರು. ಅದು ಇನ್ನಷ್ಟು ವಾಲಿತು, ನನ್ನ ಎದೆ ಹೊಡೆದುಕೊಳ್ಳತೊಡಗಿತು, ಪರದೆಯ ಮೇಲೆ ಗೀಟುಗಳು ಒಂದರ ಮೇಲೊಂದು ಬಿದ್ದವು. ಡಾಕ್ಟರು ಎದ್ದು ಬಂದರು.

"ಏನಾಗ್ತಿದೆ? ಎದೆನೋವಾ?"

"ಇಲ್ಲ ಡಾಕ್ಟ್ರೇ." ಏದುಸಿರಿನಲ್ಲಿ ಮಾತು ತುಂಡಾಯಿತು. "ಎಡಕ್ಕೆ... ಎಡಕ್ಕೆ ಹೋಗ್ತಿದೆ."

"ಎಡಗೈಗಾ? ಭುಜಕ್ಕಾ? ಎಷ್ಟು ಹೊತ್ತಿಂದ?"

"ನಾನು ಹತ್ತಿದಾಗಿಂದ. ಮೊದಲು ಒಂದು ಬೆರಳಿನಷ್ಟಿತ್ತು. ಈಗ ಎರಡು ಬೆರಳು."

ನರ್ಸಮ್ಮ ಮಾತ್ರೆಯ ಡಬ್ಬಿಗೆ ಕೈ ಹಾಕಿದರು. ಡಾಕ್ಟರ ಬೆರಳು ನಿಲ್ಲಿಸುವ ಗುಂಡಿಯ ಮೇಲೆ ಹೋಯಿತು. "ಹಿಂದೆ ಯಾವತ್ತಾದ್ರೂ ಹೀಗಾಗಿತ್ತಾ?"

"ಮನೇಲಿ ಆಗ್ತಾನೇ ಇರುತ್ತೆ."

"ಆಗ ಏನು ತಗೋತೀರಿ?"

"ಆರು ಎಂಎಂ ಅಲನ್ ಕೀ."

ಕೋಣೆಯಲ್ಲಿ ಬೆಲ್ಟಿನ ಸದ್ದೊಂದೇ ಉಳಿಯಿತು. ಡಾಕ್ಟರು ನನ್ನ ಮುಖ ನೋಡಿದರು, ಪರದೆ ನೋಡಿದರು, ಕೊನೆಗೆ ನನ್ನ ಕಾಲ ಬುಡ ನೋಡಿದರು. ನಾನು ಹಿಡಿಕೆ ಬಿಡದೆ, ಏರು ಹತ್ತುತ್ತಲೇ ವಿವರಿಸಿದೆ: ಎಡ ಬೋಲ್ಟು, ಗಡಿಯಾರದ ದಿಕ್ಕು, ಕಾಲು ಸುತ್ತು. ಅವರು ಬೆರಳನ್ನು ಗುಂಡಿಯಿಂದ ತೆಗೆದು, "ಇನ್ನೊಂದು ನಿಮಿಷ ನಡೀರಿ," ಅಂದರು. ದನಿಯಲ್ಲಿ ಮೊದಲಿನ ಕರುಣೆ ಇರಲಿಲ್ಲ.

ರಿಪೋರ್ಟು ನೆಗೆಟಿವ್, ಅಂದರೆ ಹೃದಯ ನೆಟ್ಟಗಿದೆ. ದಿನಾ ನಲವತ್ತು ನಿಮಿಷ ನಡಿಗೆ ಅಂತ ಬರೆದು, ನಡಿಗೆ ಅನ್ನುವುದರ ಕೆಳಗೆ ಎರಡು ಗೀಟು ಎಳೆದರು. ಹೆಂಡತಿ ಹೊರಗೆ ಫೈಲು ಹಿಡಿದು ಆಟೋ ಕರೆಯುವ ಆತುರದಲ್ಲಿದ್ದಳು. ನಾನು ಶರಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗ ಟೆಕ್ನಿಷಿಯನ್ ಹುಡುಗ ಹತ್ತಿರ ಬಂದು, ಬಾಗಿಲ ಕಡೆ ನೋಡಿಕೊಂಡು, ಮೆಲ್ಲಗೆ ಹೇಳಿದ:

"ಸರ್, ಕೆಳಗೆ ಫಿಸಿಯೋಥೆರಪಿಯಲ್ಲಿ ಇನ್ನೊಂದಿದೆ. ಅದು ಬಲಕ್ಕೆ ಹೋಗುತ್ತೆ."

ಅಲನ್ ಕೀ ಸ್ಕೂಟರಿನ ಬೀಗದ ಕೈ ಗೊಂಚಲಿನಲ್ಲೇ ಇತ್ತು. "ಹತ್ತು ನಿಮಿಷ ಕೂತಿರು, ಇನ್ನೊಂದು ಟೆಸ್ಟಿದೆ," ಅಂತ ಹೆಂಡತಿಗೆ ಹೇಳಿ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.