ಎಚ್‌ಡಿ ಎಂಬ ಬೋರ್ಡು, ಮಸುಕು ಎಂಬ ಮಾಲು

ಹಳೆಯ ಕನ್ನಡ ಸಿನಿಮಾದ ಡಿಸ್ಕ್ ಹಾಕಿ ನೋಡಿ. ಎಲ್ಲಕ್ಕಿಂತ ಚೊಕ್ಕವಾಗಿ ಕಾಣುವುದು ಒಂದೇ: ನಕಲು ಮಾಡಿದರೆ ಜೈಲು ಎಂಬ ಎಚ್ಚರಿಕೆ. ಒಂದೊಂದು ಅಕ್ಷರವೂ ಕಣ್ಣಿಗೆ ಹೊಡೆಯುತ್ತದೆ. ಅದು ಮುಗಿದ ಮೇಲೆ ಸಿನಿಮಾ ಶುರು. ಕಣ್ಣುಜ್ಜಿಕೊಳ್ಳುವ ಕೆಲಸವೂ ಶುರು.

‘ಗಣೇಶನ ಮದುವೆ’ಯನ್ನೇ ತೆಗೆದುಕೊಳ್ಳಿ. 1990ರಲ್ಲಿ ಫಣಿ ರಾಮಚಂದ್ರ ಮಾಡಿದ ಚಿತ್ರ. ಅನಂತ್ ನಾಗ್, ವಿನಯಾ ಪ್ರಸಾದ್ ಒಂದೇ ವಠಾರದಲ್ಲಿದ್ದು ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಾರೆ. ಮುಖ ಕಂಡರಾಗದ ಆ ಹುಡುಗಿಯ ಹಾಡು ಕೇಳಿ, ಅವಳೇ ಎಂದು ತಿಳಿಯದೆ, ನಾಯಕ ಮರುಳಾಗುತ್ತಾನೆ. ಇಡೀ ಕಥೆ ನಿಂತಿರುವುದು ಒಂದು ಕಂಠದ ಮೇಲೆ. ನನ್ನ ಮನೆಯ ಡಿಸ್ಕಿನಲ್ಲಿ ಆ ಕಂಠ ಗೊರಗೊರ ಎನ್ನುತ್ತದೆ. ಇದನ್ನು ಕೇಳಿ ಯಾರೂ ಪ್ರೇಮಪತ್ರ ಬರೆಯುವುದಿಲ್ಲ. ದೂರು ಬರೆಯುತ್ತಾರೆ.

ಕವರಿನ ಮೇಲೆ ಮಾತ್ರ ‘5.1 ಸರೌಂಡ್’. ಆ ಕಾಲದ ನಮ್ಮ ಚಿತ್ರಗಳ ಧ್ವನಿ ಬಹುಪಾಲು ಮೋನೊ. ಇದ್ದ ಒಂದು ಸದ್ದನ್ನು ಆರು ಕಡೆ ಹಂಚಿ ಸರೌಂಡ್ ಎಂದರು. ನಾಯಕ ಜೋಕನ್ನು ಗೊಣಗುತ್ತಾನೆ. ಕೇಳಲಿ ಎಂದು ವಾಲ್ಯೂಮ್ ಏರಿಸಿದೊಡನೆ ಹಿನ್ನೆಲೆ ಸಂಗೀತ ಬಂದು ಕಪಾಳಕ್ಕೆ ಬಾರಿಸುತ್ತದೆ. ಹಾಸ್ಯ ಚಿತ್ರದಲ್ಲಿ ಮಾತೇ ಕೇಳದಿದ್ದರೆ ನಗುವುದು ಯಾವುದಕ್ಕೆ? ಕವರಿಗೆ.

ಚಿತ್ರದ ಗತಿಯೂ ಅಷ್ಟೇ. ವಿಸಿಡಿಯ ಚಿತ್ರ 352 ಚುಕ್ಕಿ ಅಗಲ, 288 ಚುಕ್ಕಿ ಎತ್ತರ. ಅದನ್ನೇ 1920ಕ್ಕೆ 1080 ಆಗಿ ಹಿಗ್ಗಿಸಿ ‘ಫುಲ್ ಎಚ್‌ಡಿ’ ಎಂದು ಬಿಡುತ್ತಾರೆ. ಲೆಕ್ಕ ಹಾಕಿ. ಪ್ರತಿ 20 ಚುಕ್ಕಿಯಲ್ಲಿ 19 ಕಂಪ್ಯೂಟರಿನ ಊಹೆ. ಸಾಲದ್ದಕ್ಕೆ 4:3ರ ಚಿತ್ರವನ್ನು 16:9ರ ಟಿವಿಗೆ ಎಳೆದು ಕೂರಿಸುತ್ತಾರೆ. ಸಪೂರ ನಾಯಕ ಮೂರನೇ ಒಂದು ಪಾಲು ಊದಿಕೊಳ್ಳುತ್ತಾನೆ. ಅದೂ ಮದುವೆಗೆ ಮುಂಚೆಯೇ.

ಮೂಲೆಯಲ್ಲಿ ಕಂಪನಿಯ ಲೋಗೊ. ಕೆಳಗೆ ಕಾಲರ್ ಟ್ಯೂನಿನ ಜಾಹೀರಾತು. ಅವೆರಡು ಮಾತ್ರ ಮಿರಮಿರ ಮಿಂಚುತ್ತವೆ.

ಕೇಳಿದರೆ ಉತ್ತರ ಸಿದ್ಧವಿದೆ: “ಹಳೇ ಪಿಕ್ಚರ್ ಅಲ್ವಾ ಸಾರ್, ಹಂಗೇ ಇರೋದು.” ಹೌದೇ? ಫ್ರಾಂಕ್ ಕಾಪ್ರಾರ ‘ಇಟ್ ಹ್ಯಾಪನ್ಡ್ ಒನ್ ನೈಟ್’ 1934ರ ಪ್ರೇಮ–ಹಾಸ್ಯ. ಅದು 4ಕೆಯಲ್ಲಿ ದುರಸ್ತಿಗೊಂಡು ಬ್ಲೂ-ರೇ ಆಗಿ ಬಂದಿದೆ. ವಯಸ್ಸು ಚಿತ್ರವನ್ನು ಕೊಲ್ಲುವುದಿಲ್ಲ. ಚೆನ್ನಾಗಿ ಉಳಿದ 35 ಎಂ.ಎಂ. ನೆಗೆಟಿವ್‌ನಲ್ಲಿ ಎಚ್‌ಡಿ ಟಿವಿಗೆ ಬೇಕಾದ್ದಕ್ಕಿಂತ ಹೆಚ್ಚೇ ವಿವರ ಇರುತ್ತದೆ. ಉಳಿಸಿಕೊಂಡಿದ್ದರೆ.

ದುಡ್ಡಿಲ್ಲ ಎನ್ನಬೇಡಿ. ಕಪ್ಪುಬಿಳುಪಿನ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಬಳಿದು ಥಿಯೇಟರಿಗೆ ತಂದೆವು. ಬಣ್ಣವಿಲ್ಲದೆಯೂ ಚೆನ್ನಾಗಿದ್ದುದಕ್ಕೆ ಬಣ್ಣ ಕೊಟ್ಟೆವು. ಬಣ್ಣದಲ್ಲೇ ಹುಟ್ಟಿದವನ್ನು ಮಾಸಲು ಬಿಟ್ಟೆವು.

ಕಾಸರವಳ್ಳಿಯವರ ‘ಘಟಶ್ರಾದ್ಧ’ ಹೊಸ ರೂಪ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ತುಂಬಾ ಸಂತೋಷ. ಆದರೆ ಒಂದು ಅನುಮಾನ. ಅಳಿಸಿದರೆ ಪರಂಪರೆ, ನಗಿಸಿದರೆ ಗುಜರಿಯೇ?

ನಾವೇನು ಸಾಚಾಗಳೇ? ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ ಎಂದಾಗ ಚೌಕಾಸಿ ಮಾಡಿ ಕೊಂಡೆವು. ಮೂರನ್ನು ಒಂದರಲ್ಲಿ ತುರುಕಿದರೆ ಮೂರಕ್ಕೂ ಉಸಿರುಗಟ್ಟುತ್ತದೆ ಎಂದು ಯೋಚಿಸಲಿಲ್ಲ. ಈಗ ಗೋಡೆಯಗಲದ ಟಿವಿಗೆ ಕಂತು ಕಟ್ಟುತ್ತ ಅದರಲ್ಲಿ ಮಂಜು ನೋಡುತ್ತಿದ್ದೇವೆ.

ನವೆಂಬರ್ ಬಂದರೆ ಹಳದಿ–ಕೆಂಪು ಶಾಲು, ಕನ್ನಡ ಚಿತ್ರರಂಗದ ಸುವರ್ಣಯುಗದ ಮೇಲೆ ಭಾಷಣ. ಆ ಯುಗದ ನೆಗೆಟಿವ್ ಎಲ್ಲಿದೆ ಸ್ವಾಮಿ ಎಂದು ಕೇಳಿ ನೋಡಿ. ಮೈಕಿಗೇ ಕೆಮ್ಮು ಬರುತ್ತದೆ.

ನನ್ನದು ದೊಡ್ಡ ಬೇಡಿಕೆಯಲ್ಲ. ಅಡುಗೆ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಒಳಗೇನಿದೆ ಎಂದು ಬರೆಯಲೇಬೇಕು. ಸಿನಿಮಾದ ಮೇಲೂ ಒಂದು ಸಾಲು ಬರೆಯಲಿ: ತೆಗೆದದ್ದು ಯಾವುದರಿಂದ? ನೆಗೆಟಿವ್‌ನಿಂದಲೋ, ಪ್ರಿಂಟಿನಿಂದಲೋ, ಯಾರದೋ ಅಟ್ಟದ ಮೇಲಿದ್ದ ವಿಸಿಡಿಯಿಂದಲೋ? ಆ ಒಂದು ಸಾಲು ಕಡ್ಡಾಯವಾಗಲಿ. ಎಷ್ಟು ‘ಫುಲ್ ಎಚ್‌ಡಿ’ಗಳು ಉಳಿಯುತ್ತವೆ ನೋಡೋಣ.