ಹೊಟ್ಟೆಯೊಳಗಿನ ಬಾಡಿಗೆದಾರ

ಚಳಿಗಾಲದಲ್ಲಿ ಬಸವಕಲ್ಯಾಣದ ಹತ್ತಿರದ ಮೋರಖಂಡಿ ಕಡೆಯ ಕಡ್ಲಿ ಹೊಲದಲ್ಲಿ ಕೈಯಾಡಿಸಿದವರಿಗೆಲ್ಲ ಗೊತ್ತು, ಈ ಗಿಡಕ್ಕೆ ಮೈಯೆಲ್ಲ ಹುಳಿ. ಎಲೆಯ ರೋಮಗಳಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳು ಜಿನುಗುತ್ತಿರುತ್ತವೆ. ರಾತ್ರಿ ಗಿಡದ ಮೇಲೆ ಬಟ್ಟೆ ಹೊದಿಸಿ, ನಸುಕಿನಲ್ಲಿ ಇಬ್ಬನಿ ಸಮೇತ ಹಿಂಡಿದರೆ ಕಡ್ಲಿ ಹುಳಿ ಸಿದ್ಧ. ಹೊಟ್ಟೆನೋವಿಗೆ ಹಳೆಯ ಮನೆಮದ್ದು. ಕಾಯಿಕೊರಕ ಕೀಡಿಗೆ ಮಾತ್ರ ಈ ಹುಳಿ ಅಷ್ಟಾಗಿ ನಾಟದು. ತಲೆಯನ್ನು ಕಾಯಿಯೊಳಗೆ ತೂರಿಸಿ, ಹಿಂಭಾಗವನ್ನು ಊರಿಗೆ ತೋರಿಸುತ್ತ ಆರಾಮಾಗಿ ಉಣ್ಣುತ್ತದೆ.

ಹುಳಿಗೆ ಸೋಲುವುದು ಟ್ರೈಕೊಗ್ರಾಮಾ. ಕೀಡಿಯ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುವ, ಒಂದು ಮಿಲಿಮೀಟರಿಗೂ ಚಿಕ್ಕದಾದ ಕಣಜ ಇದು. ಜೋಳದ ಹೊಲದಲ್ಲಿ ಚೆನ್ನಾಗಿ ದುಡಿಯುತ್ತದೆ, ಕಡ್ಲಿಯಲ್ಲಿ ಅದರ ಆಟ ನಡೆಯದು. ಕಾವಲಿಗೆ ಬಂದವನನ್ನು ಓಡಿಸಿ ಕಳ್ಳನಿಗೆ ಎಡೆ ಹಾಕುವ ಗಿಡ!

ಹುಳಿಗೆ ಜಗ್ಗದ ಇನ್ನೊಂದು ಕಣಜವಿದೆ, ಕ್ಯಾಂಪೊಲೆಟಿಸ್ ಕ್ಲೋರಿಡಿಯೆ. ಎಳೆಯ ಕೀಡಿಯನ್ನು ಹುಡುಕಿ ಚುಚ್ಚಿ ಒಳಗೊಂದು ಮೊಟ್ಟೆ ಇಡುತ್ತದೆ. ಇದು ಸೇರಿದ ಇಕ್ನ್ಯೂಮನ್ ಬಳಗದ ಅನೇಕ ಕಣಜಗಳು ಮೊಟ್ಟೆಯ ಜೊತೆಗೆ ವೈರಸ್ಸನ್ನೂ ಬಿಟ್ಟು ಹುಳುವಿನ ರೋಗನಿರೋಧಕ ಶಕ್ತಿಯನ್ನು ಮಲಗಿಸಿಬಿಡುತ್ತವೆ. ಬಾಡಿಗೆದಾರ ಒಳಗೆ ಕೊಬ್ಬುತ್ತಾನೆ. ಮಾಲಿಕ ಏನೂ ಆಗದವನಂತೆ ಎಲೆ ಮೇಯುತ್ತ ಓಡಾಡುತ್ತಾನೆ. ವಾರ, ಹತ್ತು ದಿನಕ್ಕೆ ಮರಿ ಹೊರಬಿದ್ದು ರೇಷ್ಮೆಗೂಡು ಸುತ್ತಿಕೊಳ್ಳುವಾಗ ಮಾಲಿಕನದೆಂದು ಉಳಿಯುವುದು ತೊಗಲಷ್ಟೇ. ಕೀಡಿ ಬಲಿತು ಕಾಯಿಗಳನ್ನು ಲೂಟಿ ಮಾಡುವ ಮೊದಲೇ ಲೆಕ್ಕ ಚುಕ್ತಾ.

1860ರ ಮೇ ತಿಂಗಳಲ್ಲಿ ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಕಾಗದದಲ್ಲಿ ಇದೇ ಇಕ್ನ್ಯೂಮನ್ ಬಳಗದ ಮಾತೆತ್ತಿದ್ದ. ದಯಾಮಯನಾದ ದೇವರು ಇಂಥದ್ದನ್ನು ಬೇಕೆಂದೇ ಸೃಷ್ಟಿಸಿದನೆಂದು ನಂಬಲು ಅವನಿಗೆ ಮನಸ್ಸು ಬರಲಿಲ್ಲ. ಇದನ್ನು ಹೊಲದ ಬದುವಿನಲ್ಲಿ ಕೂತ ಕಾಕಾನಿಗೆ ಹೇಳಿದೆ. ಕಾಕಾ ಎಲೆಯಡಿಕೆ ಒಂದು ಕಡೆ ಸರಿಸಿ, “ಅವಗ ಕಡ್ಲಿ ಹೊಲ ಇದ್ದಿಲ್ಲ ಕಾಣ್ತದ ತಮ್ಮಾ” ಅಂದ.

ದಯೆಯ ಚರ್ಚೆ ಅಲ್ಲಿಗೇ ಮುಗಿಯಿತು. ದಯೆಯನ್ನು ಸಾರಿದ ಶರಣರ ಕಲ್ಯಾಣ ಇಲ್ಲೇ ಪಕ್ಕದಲ್ಲಿದ್ದರೂ ನಮ್ಮ ಕರುಣೆ, ಕಾಯಿ ಯಾರದೆಂದು ವಿಚಾರಿಸಿಯೇ ಮನೆಯಿಂದ ಹೊರಡುತ್ತದೆ. ಹೋಗಲಿ, ಸ್ವಾರ್ಥವನ್ನಾದರೂ ನೆಟ್ಟಗೆ ನೋಡಿಕೊಳ್ಳುತ್ತೇವೆಯೇ? ಕೀಡಿ ಕಂಡ ಕೂಡಲೇ ಪಂಪು ಹೆಗಲಿಗೇರಿಸಿ ಕೀಟನಾಶಕದ ಎಣ್ಣಿ ಹೊಡೆಯುತ್ತೇವೆ. ಕೀಡಿ ಎಷ್ಟೋ ಎಣ್ಣಿಗಳನ್ನು ಅರಗಿಸಿಕೊಳ್ಳಲು ಕಲಿತಿದೆ. ಪುಕ್ಕಟೆ ದುಡಿಯುತ್ತಿದ್ದ ಕಣಜ ಸಾಯುತ್ತದೆ. ಆ ಮಟ್ಟಿಗೆ ಕಣಜವೇ ನಮಗಿಂತ ಜಾಣ. ತನಗೆ ಅನ್ನ ಹಾಕುವ ಹುಳುವನ್ನು ಅದು ತನ್ನ ಕೆಲಸ ಮುಗಿಯುವ ತನಕವಾದರೂ ಬದುಕಗೊಡುತ್ತದೆ.